ಹಳೆಯ ಕಾರಿನ ಎಂಜಿನ್ ಕೋಣೆಯಲ್ಲಿ ಸಡಿಲ ಕಪ್ಲರ್‌ಗಳ ಪತ್ತೆ

ಕಾರಿನ ಬಾನೆಟ್ ಎತ್ತಿದರೆ ಕಾಣುವ ತಂತಿಗಳ ಕಂತೆಯನ್ನು ಸಂವೇದಕ (ಸೆನ್ಸರ್), ದೀಪ, ಮೋಟಾರು ಮೊದಲಾದ ಭಾಗಗಳಿಗೆ ಸೇರಿಸುವ ಬಿಚ್ಚಬಹುದಾದ ಜೋಡಣೆಯೇ ಕನೆಕ್ಟರ್. ಗ್ಯಾರೇಜುಗಳಲ್ಲಿ ಇದಕ್ಕೆ ಕಪ್ಲರ್ ಎನ್ನುತ್ತಾರೆ. ಕಪ್ಲರ್ ಸಡಿಲವಾದ ಕಾರು ಒಂದು ದಿನ ಚೆನ್ನಾಗಿ ಓಡಿ ಮರುದಿನ ಕೈಕೊಡುತ್ತದೆ. ಮೆಕ್ಯಾನಿಕ್ ಮುಂದೆ ತಂದು ನಿಲ್ಲಿಸಿದಾಗ ದೋಷ ಮಾಯವಾಗಿರುತ್ತದೆ. ಇದರಿಂದಾಗಿ ಸುಸ್ಥಿತಿಯಲ್ಲಿರುವ ಸೆನ್ಸರ್, ಡೈನಮೋ, ಬ್ಯಾಟರಿಗಳನ್ನು ಒಂದಾದ ಮೇಲೊಂದರಂತೆ ಬದಲಿಸಿ ಹಣ ಕಳೆದುಕೊಳ್ಳುವುದು ಸಾಮಾನ್ಯ. ಭಾಗವನ್ನು ಬದಲಿಸುವ ಮೊದಲು ಅದರ ಜೋಡಣೆಯನ್ನು ನೋಡಬೇಕು; ಅಳೆಯುವುದಾದರೆ ಅದರೊಳಗೆ ವಿದ್ಯುತ್ ಹರಿಯುತ್ತಿರುವಾಗಲೇ ಅಳೆಯಬೇಕು. ಪತ್ತೆಯ ಎಲ್ಲ ವಿಧಾನಗಳೂ ಈ ಒಂದು ಸೂತ್ರದಿಂದ ಹೊರಡುತ್ತವೆ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರಿನಲ್ಲಿ ಈ ತಿಳಿವಳಿಕೆ ನಿತ್ಯದ ಉಪಯೋಗಕ್ಕೆ ಬರುತ್ತದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನೂ ಒಳಗೊಂಡ ಈ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಿಗೆ ದೀರ್ಘವಾದುದು, ಧೂಳು ಧಾರಾಳ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದರೂ, ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ಹಾಗಾಗಿ ಕೆಎ–40 ಫಲಕ ಹೊತ್ತ ಹಳೆಯ ಮಾರುತಿ 800, ಓಮ್ನಿ, ಸುಮೊ, ಕ್ವಾಲಿಸ್‌ಗಳು ಇಲ್ಲಿನ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿವೆ.

ಹಳೆಯ ಕಾರುಗಳಲ್ಲಿ ಎರಡು ತಲೆಮಾರು

ಹಳೆಯ ಕಾರು ಎಂದಮಾತ್ರಕ್ಕೆ ಎಲ್ಲವೂ ಒಂದೇ ಬಗೆಯವಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಮೊದಲ ಮಾದರಿಗಳು ಕಾರ್ಬುರೇಟರ್ ಕಾರುಗಳು. ಇವುಗಳ ಎಂಜಿನ್ನಿಗೆ ಬೇಕಾದ ವಿದ್ಯುತ್ ಜೋಡಣೆಗಳು ಬೆರಳೆಣಿಕೆಯಷ್ಟು: ಇಗ್ನಿಷನ್ ಕಾಯಿಲ್, ಡಿಸ್ಟ್ರಿಬ್ಯೂಟರ್, ಡೈನಮೋ, ಸೆಲ್ಫ್ ಮೋಟಾರು, ಆಯಿಲ್ ಒತ್ತಡದ ಸ್ವಿಚ್. ತಂತಿಯ ತುದಿಗೆ ಚಪ್ಪಟೆ ಹಿತ್ತಾಳೆ ತುಂಡು ಅಥವಾ ಥಿಂಬಲ್ ಒತ್ತಿ ನೇರವಾಗಿ ಸಿಕ್ಕಿಸುವ ಪದ್ಧತಿ. ದೋಷ ಬಂದರೆ ಕಣ್ಣಿಗೇ ಕಾಣುತ್ತದೆ.

2000ರ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಸ್ಥಾನಕ್ಕೆ ಎಂಪಿಎಫ್ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂತು. ಪೆಟ್ರೋಲ್ ಎಷ್ಟು ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಇಸಿಯು ಎಂಬ ಗಣಕ ಪೆಟ್ಟಿಗೆ ನಿರ್ಧರಿಸತೊಡಗಿತು. ಅದಕ್ಕೆ ಮಾಹಿತಿ ಒದಗಿಸಲು ನೀರಿನ ತಾಪ, ಗಾಳಿಯ ಒತ್ತಡ, ಥ್ರಾಟಲ್‌ನ ಸ್ಥಾನ, ಕ್ರ್ಯಾಂಕ್‌ನ ತಿರುಗು ಮೊದಲಾದವುಗಳನ್ನು ಅಳೆಯುವ ಸೆನ್ಸರ್‌ಗಳು ಬಂದವು. ಪ್ರತಿಯೊಂದಕ್ಕೂ ಒಂದು ಕಪ್ಲರ್ ಬಂತು. ಈ ತಲೆಮಾರಿನ ಕಾರುಗಳಿಗೆ ಇಂದು ಇಪ್ಪತ್ತು ದಾಟಿದೆ. ಸ್ಕ್ಯಾನರ್ ಸಿಕ್ಕಿಸಿದರೆ ದೋಷವನ್ನು ಸವಿಸ್ತಾರವಾಗಿ ಹೇಳುವ ವ್ಯವಸ್ಥೆ ಅವುಗಳಲ್ಲಿ ಇನ್ನೂ ಪೂರ್ಣವಾಗಿ ಬೆಳೆದಿರಲಿಲ್ಲ. ಜೋಡಣೆಗಳು ಹೆಚ್ಚು, ಸುಳಿವು ಕಡಿಮೆ. ಪತ್ತೆಕಾರ್ಯ ಕಷ್ಟವೆನಿಸುವುದು ಈ ಕಾರುಗಳಲ್ಲಿಯೇ.

ಓಮ್ನಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರಷ್ಟೇ ಎಂಜಿನ್ ಕೋಣೆ ತೆರೆಯುತ್ತದೆ. ನೆಲದ ಧೂಳು, ಕೆಸರು ಕಪ್ಲರ್‌ಗಳಿಗೆ ನೇರವಾಗಿ ಬಡಿಯುತ್ತವೆ.

ಕಪ್ಲರ್‌ನ ರಚನೆ

ಪ್ರತಿ ಕಪ್ಲರ್‌ಗೂ ಎರಡು ಅರ್ಧಗಳಿರುತ್ತವೆ. ಒಂದರಲ್ಲಿ ಪಿನ್ ಅಥವಾ ಚಪ್ಪಟೆ ಅಲಗು, ಇನ್ನೊಂದರಲ್ಲಿ ಅದನ್ನು ಹಿಡಿಯುವ ಸ್ಪ್ರಿಂಗ್‌ನಂಥ ಗೂಡು. ಇವೆರಡೂ ತಾಮ್ರದ ಮಿಶ್ರಲೋಹದವು. ಮೇಲೆ ಸಾಮಾನ್ಯವಾಗಿ ತವರದ ತೆಳುಲೇಪ. ಚಪ್ಪಟೆ ಅಲಗುಗಳಲ್ಲಿ 6.3 ಮಿಲಿಮೀಟರ್ ಅಗಲದ್ದು ಅತ್ಯಂತ ಪ್ರಚಲಿತ. ಸೆನ್ಸರ್ ಪಿನ್ನುಗಳು ಇದಕ್ಕಿಂತ ಬಹಳ ಸಣ್ಣವು. ಲೋಹದ ಭಾಗಗಳನ್ನು ಪ್ಲಾಸ್ಟಿಕ್ ಕವಚ ಸುತ್ತುವರಿದಿರುತ್ತದೆ. ಕವಚದ ಮೇಲೊಂದು ನಾಲಿಗೆಯಾಕಾರದ ಲಾಕ್, ಒಳಗೆ ನೀರು ತಡೆಯುವ ರಬ್ಬರ್ ಸೀಲ್. ತಂತಿಯನ್ನು ಲೋಹದ ತುದಿಗೆ ಒತ್ತಿ ಹಿಡಿಸಿರುವ ಜಾಗಕ್ಕೆ ಕ್ರಿಂಪ್ ಎಂದು ಹೆಸರು.

ಸಡಿಲತೆ ಇದರಲ್ಲಿ ಐದು ಬಗೆಯಾಗಿ ಹುಟ್ಟಬಹುದು. ಲಾಕ್ ಮುರಿದು ಕವಚವೇ ಹಿಂದೆ ಸರಿದಿರಬಹುದು. ಕವಚ ಗಟ್ಟಿಯಾಗಿ ಕುಳಿತಿದ್ದರೂ ಒಳಗಿನ ಒಂದು ಪಿನ್ ಮಾತ್ರ ಹಿಂದಕ್ಕೆ ತಳ್ಳಲ್ಪಟ್ಟಿರಬಹುದು. ಗೂಡು ಅಗಲಗೊಂಡು ಪಿನ್ನನ್ನು ಹಿಡಿಯದಿರಬಹುದು. ಹಿಡಿತ ಸರಿಯಿದ್ದೂ ಲೇಪದ ಮೇಲೆ ಕಿಲುಬು ಕಟ್ಟಿರಬಹುದು. ಕ್ರಿಂಪ್‌ನೊಳಗೆ ತಂತಿಯ ಎಳೆಗಳು ತುಂಡಾಗಿರಬಹುದು. ಹೊರಗಿನಿಂದ ನೋಡಿದರೆ ಮೊದಲನೆಯದು ಮಾತ್ರ ಕಾಣುತ್ತದೆ.

ಸಡಿಲವಾಗುವ ಬಗೆ

ನುಣುಪಾಗಿ ಕಾಣುವ ಎರಡು ಲೋಹದ ಮೈಗಳು ವಾಸ್ತವದಲ್ಲಿ ಕೆಲವೇ ಉಬ್ಬುಬಿಂದುಗಳಲ್ಲಿ ಪರಸ್ಪರ ಮುಟ್ಟುತ್ತವೆ. ವಿದ್ಯುತ್ ಹರಿಯುವುದು ಆ ಬಿಂದುಗಳ ಮೂಲಕವೇ. ಗೂಡಿನ ಸ್ಪ್ರಿಂಗ್ ಒತ್ತಡ ಈ ಬಿಂದುಗಳನ್ನು ಅದುಮಿ ಹಿಡಿದಿರುವಷ್ಟು ಕಾಲ ರೋಧ ತೀರಾ ಅಲ್ಪವಾಗಿರುತ್ತದೆ.

ಎಂಜಿನ್ ಕೋಣೆಯ ಶಾಖ ಸ್ಪ್ರಿಂಗನ್ನು ವರ್ಷಗಳ ಕಾಲ ನಿಧಾನವಾಗಿ ಸಡಿಲಿಸುತ್ತದೆ. ದಿನಕ್ಕೆ ಹಲವು ಸಲ ಕಾಯುವುದು, ಆರುವುದು ನಡೆದಾಗ ಲೋಹವೂ ಪ್ಲಾಸ್ಟಿಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಪಿನ್ನು ಗೂಡಿನೊಳಗೆ ಕೂದಲೆಳೆಗಿಂತ ಕಡಿಮೆ ದೂರ ಹಿಂದೆಮುಂದೆ ಸರಿಯುತ್ತದೆ. ಎಂಜಿನ್ನಿನ ಕಂಪನವೂ ಇದಕ್ಕೆ ಸೇರುತ್ತದೆ. ಮೂರು ಸಿಲಿಂಡರಿನ ಎಂಜಿನ್ನುಗಳಲ್ಲಿ ಈ ನಡುಕ ಕೈಗೇ ತಿಳಿಯುತ್ತದೆ. ಪ್ರತಿ ಸರಿತದಲ್ಲೂ ತವರದ ಲೇಪ ತುಸು ಉಜ್ಜಿಹೋಗುತ್ತದೆ. ಉಜ್ಜಿದ ಕಣಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ತವರದ ಆಕ್ಸೈಡ್ ಆಗಿ, ಕಪ್ಪು ಪುಡಿಯಂತೆ ಸಂಪರ್ಕಬಿಂದುವಿನ ಸುತ್ತ ಜಮಾಯಿಸುತ್ತವೆ. ಈ ಪುಡಿ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ತಂತ್ರಜ್ಞರು ಫ್ರೆಟಿಂಗ್ ಎಂದು ಕರೆಯುವ ಸವೆತ ಇದು. ಇದರ ಒಂದು ವಿಚಿತ್ರ ಗುಣವೆಂದರೆ, ಕಪ್ಲರನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಪುಡಿ ಪಕ್ಕಕ್ಕೆ ಸರಿದು ದೋಷ ತಾತ್ಕಾಲಿಕವಾಗಿ ನಿವಾರಣೆಯಾಗುತ್ತದೆ. ಹೊಸ ಸೆನ್ಸರ್ ಹಾಕಿದೊಡನೆ ಕಾರು ಸರಿಹೋಗಿ, ಕೆಲವು ವಾರಗಳಲ್ಲಿ ಮತ್ತೆ ಕೆಡುವುದರ ಹಿಂದೆ ಅನೇಕ ವೇಳೆ ಇದೇ ಕಾರಣವಿರುತ್ತದೆ. ಗುಣವಾದದ್ದು ಸೆನ್ಸರಿನಿಂದಲ್ಲ, ಕಪ್ಲರ್ ಬಿಚ್ಚಿ ಹಾಕಿದ್ದರಿಂದ.

ನೀರು ಇನ್ನೊಂದು ಶತ್ರು. ವಾಟರ್ ಸರ್ವಿಸ್‌ನಲ್ಲಿ ಒತ್ತಡದ ನೀರನ್ನು ಎಂಜಿನ್ ಮೇಲೆ ಹಾಯಿಸಿದಾಗ, ಗಟ್ಟಿಯಾಗಿ ಬಿರುಕುಬಿಟ್ಟ ಹಳೆಯ ಸೀಲ್ ಅದನ್ನು ತಡೆಯಲಾರದು. ಬೋರ್‌ವೆಲ್ ನೀರಿನ ಲವಣಾಂಶ ಒಳಗೇ ಉಳಿದು ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಇಲಿಗಳ ಉಪದ್ರವವನ್ನೂ ಮರೆಯುವಂತಿಲ್ಲ. ನಿಂತ ಕಾರಿನ ಬೆಚ್ಚನೆಯ ಕೋಣೆಯಲ್ಲಿ ಸೇರಿಕೊಂಡು ತಂತಿಯ ಹೊದಿಕೆ ಕಡಿಯುತ್ತವೆ.

ಇಷ್ಟಾದರೂ ಕಾರ್ಖಾನೆಯ ಕಪ್ಲರ್‌ಗಳಿಗಿಂತ ಹೆಚ್ಚು ತೊಂದರೆ ಕೊಡುವವು ನಂತರ ಸೇರಿಸಿದ ಜೋಡಣೆಗಳು. ಗ್ಯಾಸ್ ಕಿಟ್, ಜೋಡಿ ಹಾರ್ನ್, ಫಾಗ್ ಲ್ಯಾಂಪ್, ಸೆಂಟ್ರಲ್ ಲಾಕ್‌ಗಳಿಗಾಗಿ ಮೂಲ ತಂತಿಯ ಹೊದಿಕೆ ಸುಲಿದು, ಹೊಸ ತಂತಿ ಸುತ್ತಿ, ಮೇಲೆ ಇನ್ಸುಲೇಷನ್ ಟೇಪ್ ಹಚ್ಚಿರುತ್ತಾರೆ. ಶಾಖಕ್ಕೆ ಟೇಪಿನ ಅಂಟು ಕರಗಿ ಜಿಗುಟಾಗುತ್ತದೆ, ಟೇಪ್ ಬಿಚ್ಚಿಕೊಳ್ಳುತ್ತದೆ, ಒಳಗಿನ ಎಳೆಗಳು ಕಪ್ಪಾಗುತ್ತವೆ. ಇಂಥ ಗಂಟುಗಳಿರುವ ಕಾರಿನಲ್ಲಿ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುವುದು ಜಾಣತನ.

ಲಕ್ಷಣಗಳು

ಸಡಿಲ ಸಂಪರ್ಕದ ಮುಖ್ಯ ಲಕ್ಷಣ ಅನಿಯತತೆ. ಹಾಳಾದ ಭಾಗ ಸಾಮಾನ್ಯವಾಗಿ ಹಾಳಾಗಿಯೇ ಇರುತ್ತದೆ. ಸಡಿಲ ಜೋಡಣೆ ಬಂದುಹೋಗುತ್ತದೆ. ರಸ್ತೆಯ ಉಬ್ಬು ದಾಟುವಾಗ ಎಂಜಿನ್ ಮಿಸ್ ಹೊಡೆಯುವುದು, ಬಿಸಿಯಾದಾಗ ನಿಂತು ತಣ್ಣಗಾದ ಮೇಲೆ ಚಾಲೂ ಆಗುವುದು, ಮಳೆಯ ಅಥವಾ ವಾಟರ್ ಸರ್ವಿಸ್‌ನ ಮರುದಿನ ತಕರಾರು ಮಾಡುವುದು, ಹಾರ್ನ್ ಒತ್ತಿದಾಗ ಹೆಡ್‌ಲೈಟ್ ಮಂಕಾಗುವುದು, ಚೆಕ್ ಎಂಜಿನ್ ದೀಪ ಹೊತ್ತಿ ತಾನಾಗಿ ಆರುವುದು ಇವೆಲ್ಲ ಆ ಕಡೆಗೇ ಬೆರಳು ಮಾಡುತ್ತವೆ.

ಸಂಪರ್ಕ ಪೂರ್ತಿ ಕಡಿಯದೆಯೂ ತೊಂದರೆ ಆಗಬಲ್ಲದು ಎಂಬುದಕ್ಕೆ ನೀರಿನ ತಾಪದ ಸೆನ್ಸರ್ ಒಳ್ಳೆಯ ಉದಾಹರಣೆ. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇದ್ದದ್ದು 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಬರುತ್ತದೆ. ಕಪ್ಲರ್‌ನಲ್ಲಿ ಕಿಲುಬು ಕಟ್ಟಿ 1,000 ಓಮ್ ಹೆಚ್ಚುವರಿ ರೋಧ ಸೇರಿತೆಂದರೆ ಇಸಿಯುಗೆ ಕಾಣುವುದು 1,300 ಓಮ್. 80 ಡಿಗ್ರಿಗೆ ಕಾದ ಎಂಜಿನ್ನನ್ನು ಅದು 40 ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ನಂಬಿ ಹೆಚ್ಚು ಪೆಟ್ರೋಲ್ ಹರಿಸುತ್ತದೆ. ಮೈಲೇಜ್ ಕುಸಿಯುತ್ತದೆ, ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ, ಕಪ್ಪು ಹೊಗೆ. ತಂತಿ ಎಲ್ಲಿಯೂ ತುಂಡಾಗದ ಕಾರಣ ದೋಷದ ದೀಪ ಹೊತ್ತದೆಯೂ ಇರಬಹುದು.

ಕಣ್ಣಿನ ಮತ್ತು ಕೈಯ ಪರೀಕ್ಷೆ

ಪರೀಕ್ಷೆಗೆ ಮುನ್ನ ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಕೀ ತೆಗೆಯಬೇಕು. ಇಗ್ನಿಷನ್ ಆನ್ ಇರುವಾಗ ಕಪ್ಲರ್ ಬಿಚ್ಚಿದರೆ ಸುರುಳಿಗಳಿರುವ ಭಾಗಗಳಲ್ಲಿ ಕ್ಷಣಿಕವಾಗಿ ಹೆಚ್ಚಿನ ವೋಲ್ಟೇಜ್ ಹುಟ್ಟಿ ಇಸಿಯುಗೆ ಹಾನಿಯಾಗುವ ಸಂಭವವಿದೆ. ರೇಡಿಯೇಟರ್‌ನ ವಿದ್ಯುತ್ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಿರುಗುತ್ತದೆಯಾದ್ದರಿಂದ ಅದರ ಬಳಿ ಕೈಯಿಡಬಾರದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಾಗದು.

ಬ್ಯಾಟರಿಯಿಂದ ಆರಂಭಿಸಿ ತಂತಿಯ ಕಂತೆ ಹೋದತ್ತ ಕಣ್ಣು ಹಾಯಿಸುತ್ತ ಹೋಗಬೇಕು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿಹಸಿರು ಪುಡಿ ಇದ್ದರೆ ಮೊದಲು ಅದನ್ನೇ ಸ್ವಚ್ಛಗೊಳಿಸಬೇಕು. ಕೈಯಿಂದ ತಿರುಗಿಸಿದರೆ ಟರ್ಮಿನಲ್ ಅಲುಗಾಡಬಾರದು. ಬಳಿಕ ಒಂದೊಂದು ಕಪ್ಲರನ್ನೂ ಒಳಕ್ಕೆ ಒತ್ತಿ ನೋಡಬೇಕು. ಟಕ್ಕೆಂಬ ಸದ್ದಿನೊಂದಿಗೆ ಒಳಸರಿದರೆ ಅದು ಪೂರ್ತಿ ಕುಳಿತಿರಲಿಲ್ಲ ಎಂದರ್ಥ. ಕವಚದ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಕಂದುಬಣ್ಣಕ್ಕೆ ತಿರುಗಿದ್ದರೆ ಅಥವಾ ಕರಗಿದ್ದರೆ ಅಲ್ಲಿ ಶಾಖ ಹುಟ್ಟಿದೆ, ಅಂದರೆ ರೋಧವಿದೆ. ಈ ಸುಳಿವು ಬಹುಮಟ್ಟಿಗೆ ಸುಳ್ಳಾಗುವುದಿಲ್ಲ.

ಮುಂದಿನ ಹಂತ ಬಿಚ್ಚಿ ನೋಡುವುದು. ಲಾಕ್ ನಾಲಿಗೆಯನ್ನು ಒತ್ತಿ ಕವಚವನ್ನು ಹಿಡಿದು ಎಳೆಯಬೇಕು. ತಂತಿ ಹಿಡಿದು ಎಳೆದರೆ ಇಲ್ಲದ ದೋಷವನ್ನು ಸೃಷ್ಟಿಸಿದಂತಾಗುತ್ತದೆ. ಒಳಗಿನ ಪಿನ್ನುಗಳೆಲ್ಲ ಒಂದೇ ಎತ್ತರದಲ್ಲಿವೆಯೇ, ಯಾವುದಾದರೂ ಬಾಗಿದೆಯೇ, ಹಿಂದೆ ಸರಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಸೆನ್ಸರ್ ಪಿನ್ನುಗಳ ಮೇಲಿನ ಸವೆತ ಬರಿಗಣ್ಣಿಗೆ ಸುಲಭವಾಗಿ ಕಾಣದು. ಅಲೀಪುರ ಹರಳು ವ್ಯಾಪಾರಕ್ಕೆ ಹೆಸರಾದ ಊರು. ಹರಳಿನ ದೋಷ ನೋಡಲು ಬಳಸುವ ಹತ್ತುಪಟ್ಟಿನ ಲೂಪ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ. ಅದರಡಿಯಲ್ಲಿ ಹೊಳೆಯುವ ತವರದ ಮೈಮೇಲೆ, ಗೂಡು ಮುಟ್ಟುವ ಜಾಗದಲ್ಲಿ ಸಣ್ಣ ಗೀರೊಂದು ಕಾಣುವುದು ಸಹಜ. ಗೀರಿನ ಬದಲು ಕಪ್ಪು ಅಂಚಿನ ಮಂಕಾದ ಚುಕ್ಕೆ ಕಂಡರೆ ಅದು ಫ್ರೆಟಿಂಗ್.

ಅಲುಗಾಡಿಸುವ ಪರೀಕ್ಷೆ

ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು, ಒಂದೊಂದೇ ಕಪ್ಲರನ್ನು ಮತ್ತು ಅದರ ಹಿಂದಿನ ತಂತಿಯನ್ನು ಮೃದುವಾಗಿ ಅಲುಗಾಡಿಸುವುದು ಈ ವಿಧಾನ. ಯಾವುದನ್ನು ಮುಟ್ಟಿದಾಗ ಎಂಜಿನ್ ತಡವರಿಸುತ್ತದೆಯೋ ಅಲ್ಲಿ ದೋಷವಿದೆ. ಒಂದು ಸಲಕ್ಕೆ ಒಂದೇ ಕಪ್ಲರ್ ಎಂಬ ಶಿಸ್ತು ಮುಖ್ಯ. ಇಡೀ ಕಂತೆಯನ್ನು ಹಿಡಿದು ಜಗ್ಗಿದರೆ ಏನೂ ತಿಳಿಯುವುದಿಲ್ಲ. ಸಡಿಲ ತೋಳಿನ ಉಡುಪು, ದುಪಟ್ಟಾ, ಕೈಬಳೆಗಳನ್ನು ಬೆಲ್ಟ್ ಮತ್ತು ಫ್ಯಾನ್‌ಗಳಿಂದ ದೂರವಿಡಬೇಕು. ಕಾಯಿಲ್‌ನಿಂದ ಸ್ಪಾರ್ಕ್ ಪ್ಲಗ್‌ಗೆ ಹೋಗುವ ದಪ್ಪ ತಂತಿಗಳಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಎಂಜಿನ್ ಓಡುವಾಗ ಅವುಗಳನ್ನು ಮುಟ್ಟಬಾರದು. ಅವುಗಳ ಸೋರಿಕೆಯನ್ನು ಕಂಡುಹಿಡಿಯಲು ಕತ್ತಲೆ ಸಾಕು: ರಾತ್ರಿ ದೀಪವಾರಿಸಿ ನೋಡಿದರೆ ನೀಲಿ ಕಿಡಿ ಕಾಣುತ್ತದೆ, ಟಿಕ್‌ಟಿಕ್ ಸದ್ದು ಕೇಳುತ್ತದೆ.

ವೋಲ್ಟೇಜ್ ಕುಸಿತದ ಪರೀಕ್ಷೆ

ಮಲ್ಟಿಮೀಟರ್ ಕೈಗೆ ಬಂದೊಡನೆ ಹೆಚ್ಚಿನವರು ಮಾಡುವುದು ಕಂಟಿನ್ಯುಯಿಟಿ ಪರೀಕ್ಷೆ: ಬೀಪ್ ಎಂದರೆ ಸಂಪರ್ಕ ಸರಿ ಎಂಬ ತೀರ್ಮಾನ. ಇದು ದಾರಿ ತಪ್ಪಿಸುವ ಪರೀಕ್ಷೆ. ಮೀಟರು ಹರಿಸುವ ಕರೆಂಟ್ ಅತ್ಯಲ್ಪ. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ತುಂಡಾಗಿದ್ದರೂ ಉಳಿದ ಒಂದೇ ಎಳೆಯಲ್ಲಿ ಅದು ಸಲೀಸಾಗಿ ಹರಿದು ಬೀಪ್ ಎನ್ನುತ್ತದೆ. ಹೆಡ್‌ಲೈಟಿನ ಐದು ಆಂಪಿಯರ್ ಅದೇ ಎಳೆಯಲ್ಲಿ ಸಲೀಸಾಗಿ ಹರಿಯಲಾರದು. ದ್ರಾಕ್ಷಿತೋಟದ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿದಾಗಲೂ ಹೀಗೆಯೇ: ತುದಿಯ ವಾಲ್ವ್ ಮುಚ್ಚಿರುವವರೆಗೆ ಕೊನೆಯ ತನಕ ಒತ್ತಡ ಪೂರ್ತಿ ತೋರುತ್ತದೆ, ನೀರು ಹರಿಯತೊಡಗಿದಾಗಲೇ ಕುಸಿತ ಕಾಣುತ್ತದೆ.

ಆದ್ದರಿಂದ ಅಳೆಯಬೇಕಾದದ್ದು ಹರಿವು ಇರುವಾಗಿನ ಕುಸಿತವನ್ನು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಕಪ್ಲರ್‌ಗೆ ವಿದ್ಯುತ್ ಬರುವ ಬದಿಗೂ ಕಪ್ಪು ಕಡ್ಡಿಯನ್ನು ಅದು ಹೊರಹೋಗುವ ಬದಿಗೂ ತಾಗಿಸಬೇಕು. ಕಪ್ಲರ್ ಬಿಚ್ಚಬಾರದು, ತಂತಿ ಒಳಹೋಗುವ ಹಿಂಬದಿಯಿಂದ ತೆಳು ಪಿನ್ ತೂರಿಸಿ ಲೋಹವನ್ನು ಮುಟ್ಟಬೇಕು. ತಂತಿಯ ಹೊದಿಕೆ ಚುಚ್ಚಿದರೆ ಅದೇ ರಂಧ್ರದಿಂದ ಮುಂದೆ ನೀರಿಳಿಯುತ್ತದೆ. ನಂತರ ಆ ದೀಪವನ್ನೋ ಮೋಟಾರನ್ನೋ ಚಾಲೂ ಮಾಡಿ ಅಂಕಿ ನೋಡಬೇಕು. ಆರೋಗ್ಯಕರ ಕಪ್ಲರ್‌ನ ಎರಡು ಬದಿಗಳ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು.

ಲೆಕ್ಕ ಸರಳವಾದದ್ದು. 60 ವಾಟ್‌ನ ಹೆಡ್‌ಲೈಟ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಕಪ್ಲರ್‌ನ ರೋಧ ಓಮ್‌ನ ಕಾಲು ಭಾಗಕ್ಕಿಂತ ತುಸು ಕಡಿಮೆ, 0.24 ಓಮ್ ಎಂದಿಟ್ಟುಕೊಂಡರೂ ಕುಸಿತ ಸುಮಾರು 1.2 ವೋಲ್ಟ್, ಅಂದರೆ ಶೇಕಡಾ 10. ಬಲ್ಬಿನ ಬೆಳಕು ವೋಲ್ಟೇಜಿಗಿಂತ ವೇಗವಾಗಿ ಇಳಿಯುವುದರಿಂದ ರಸ್ತೆಯ ಮೇಲೆ ಬೀಳುವ ಬೆಳಕಿನಲ್ಲಿ ಶೇಕಡಾ 30ರಷ್ಟು ನಷ್ಟವಾಗುತ್ತದೆ. ಕಳೆದುಹೋದ ಸುಮಾರು 6 ವಾಟ್ ಉಗುರಿನಷ್ಟು ಜಾಗದಲ್ಲಿ ಶಾಖವಾಗುತ್ತದೆ. ಹೆಡ್‌ಲೈಟ್ ಹೋಲ್ಡರ್‌ಗಳು ಕರಗುವುದು ಹೀಗೆ.

ಸೆನ್ಸರ್ ಮತ್ತು ಇಸಿಯು ತಂತಿಗಳ ಮೇಲೆ ಬಲ್ಬಿನ ಟೆಸ್ಟ್ ಲ್ಯಾಂಪ್ ಪ್ರಯೋಗಿಸಬಾರದು. ಅಲ್ಲಿರುವುದು 5 ವೋಲ್ಟ್‌ನ ಸೂಕ್ಷ್ಮ ಸಂಕೇತ; ಬಲ್ಬ್ ಎಳೆಯುವ ಕರೆಂಟನ್ನು ಇಸಿಯು ತಾಳದಿರಬಹುದು. ಡಿಜಿಟಲ್ ಮೀಟರಿನಿಂದಷ್ಟೇ ಅಳೆಯಬೇಕು.

ಅರ್ತ್ ತಂತಿ

ಕಾರಿನಲ್ಲಿ ವಿದ್ಯುತ್ ಬ್ಯಾಟರಿಯ ಋಣ ಧ್ರುವಕ್ಕೆ ಮರಳುವ ದಾರಿ ಲೋಹದ ದೇಹವೇ. ದೇಹದಿಂದ ಎಂಜಿನ್ನಿಗೂ ಬ್ಯಾಟರಿಗೂ ಬೋಲ್ಟ್ ಹಾಕಿದ ದಪ್ಪ ಅರ್ತ್ ತಂತಿಗಳಿರುತ್ತವೆ. ಇವು ಕಪ್ಲರ್‌ಗಳಲ್ಲವಾದರೂ ಸಡಿಲ ಜೋಡಣೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇವಕ್ಕೇ ಸಲ್ಲಬೇಕು. ಬೋಲ್ಟಿನ ಕೆಳಗೆ ತುಕ್ಕು, ಬಣ್ಣ, ಜಿಡ್ಡು ಸೇರಿದರೆ ಸಾಕು, ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕಾರು ದೋಷಗಳು ಒಟ್ಟಿಗೆ ತಲೆಯೆತ್ತುತ್ತವೆ. ಸೆಲ್ಫ್ ಮೋಟಾರು ನೂರು ಆಂಪಿಯರ್‌ಗೂ ಮೀರಿ ಎಳೆಯಬಲ್ಲದು. ಅಷ್ಟು ಹರಿವಿಗೆ ಓಮ್‌ನ ನೂರನೇ ಒಂದು ಭಾಗ ರೋಧವೂ 1 ವೋಲ್ಟ್ ನುಂಗುತ್ತದೆ. ಎಂಜಿನ್ನಿನ ಅರ್ತ್ ತೀರಾ ಕೆಟ್ಟಾಗ ಕರೆಂಟ್ ಬೇರೆ ದಾರಿ ಹುಡುಕಿ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲಿನ ಉಕ್ಕಿನ ಎಳೆಗಳ ಮೂಲಕ ಹರಿದದ್ದೂ, ಆ ಕೇಬಲ್ ಕಾದು ಬಿಗಿದುಕೊಂಡದ್ದೂ ಉಂಟು. ಸೆಲ್ಫ್ ಹೊಡೆದ ಕೂಡಲೇ ಕೇಬಲ್ ಬೆಚ್ಚಗಾಗುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಪರೀಕ್ಷೆಗೆ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬದ ಮೇಲೂ ಕೆಂಪು ಕಡ್ಡಿಯನ್ನು ಎಂಜಿನ್ನಿನ ಬರಿಯ ಲೋಹದ ಮೇಲೂ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.2 ವೋಲ್ಟ್ ಒಳಗಿದ್ದರೆ ಉತ್ತಮ. 0.5 ದಾಟಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು.

ದುರಸ್ತಿ

ಬ್ಯಾಟರಿ ಬಿಚ್ಚುವಾಗ ಋಣ ತಂತಿ ಮೊದಲು, ಹಾಕುವಾಗ ಅದು ಕೊನೆಗೆ. ಸ್ಪ್ಯಾನರ್ ಅಕಸ್ಮಾತ್ ದೇಹಕ್ಕೆ ತಾಗಿದರೂ ಶಾರ್ಟ್ ಆಗದಿರಲು ಈ ಕ್ರಮ. ಟರ್ಮಿನಲ್ ಮೇಲಿನ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿದ ನಂತರ ಮೇಲೆ ವ್ಯಾಸಲಿನ್ ಹಚ್ಚಬೇಕು.

ಕಪ್ಲರ್ ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸೂಕ್ತ. ಸೀಮೆಎಣ್ಣೆ, ಪೆಟ್ರೋಲ್‌ಗಳು ರಬ್ಬರ್ ಸೀಲನ್ನು ಕೆಡಿಸುತ್ತವೆ. ಬೆಂಕಿಯ ಅಪಾಯ ಬೇರೆ. ಎಮರಿ ಪೇಪರಿನಿಂದ ಉಜ್ಜುವ ಅಭ್ಯಾಸ ವ್ಯಾಪಕವಾಗಿದ್ದರೂ ಸಣ್ಣ ಪಿನ್ನುಗಳಿಗೆ ಅದು ಹಿತವಲ್ಲ. ಕಿಲುಬಿನ ಜೊತೆ ತವರದ ಲೇಪವೂ ಹೋಗಿ, ಬರಿಯ ತಾಮ್ರ ಇನ್ನಷ್ಟು ಬೇಗ ಕಿಲುಬು ಹಿಡಿಯುತ್ತದೆ. ಅಗಲಗೊಂಡ ಗೂಡನ್ನು ದಪ್ಪ ಸೂಜಿಯಿಂದ ಒಂದಿಷ್ಟೇ ಒಳಕ್ಕೆ ಬಾಗಿಸಿ ಹಿಡಿತ ಹೆಚ್ಚಿಸಬಹುದು. ಲಾಕ್ ನಾಲಿಗೆ ಮಾತ್ರ ಮುರಿದಿದ್ದರೆ ಸದ್ಯಕ್ಕೆ ಕೇಬಲ್ ಟೈ ಸಾಕು. ಕರಗಿದ ಕವಚವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೊಸ ಕಪ್ಲರ್‌ಗಳು ಗೇಣುದ್ದದ ತಂತಿ ಸಮೇತ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ತಾಲ್ಲೂಕು ಕೇಂದ್ರಗಳಲ್ಲಿ ದೊರೆಯದ ಮಾದರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲು ಇದೆ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗುವುದು ಲೇಸು, ಏಕೆಂದರೆ ನೋಡಲು ಒಂದೇ ತೆರನಾದ ಎರಡು ಕಪ್ಲರ್‌ಗಳ ತೋಡು ಬೇರೆಯಾಗಿರಬಹುದು. ಹೊಸ ತಂತಿಯನ್ನು ಹಳೆಯದಕ್ಕೆ ಸೇರಿಸುವಾಗ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಬೇಕು. ಬೆಸುಗೆ ಹಾಕಿದರೆ ಕರಗಿದ ಬೆಸುಗೆಲೋಹ ಎಳೆಗಳ ನಡುವೆ ಇಳಿದು ತಂತಿ ಅಲ್ಲಿ ಬಿರುಸಾಗುತ್ತದೆ, ಕಂಪನಕ್ಕೆ ಸಿಕ್ಕಿ ಅದರ ಅಂಚಿನಲ್ಲೇ ಮುರಿಯುತ್ತದೆ. ಎರಡು ಅಥವಾ ಮೂರು ತಂತಿಗಳಿರುವಲ್ಲಿ ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸದೆ ಹೆಚ್ಚುಕಡಿಮೆ ಮಾಡಿದರೆ ಗಂಟುಗಳು ಒಂದರ ಮೇಲೊಂದು ಬೀಳುವುದಿಲ್ಲ, ಕಂತೆ ಮೊದಲಿನ ಕೊಳವೆಯೊಳಗೇ ಹಿಡಿಸುತ್ತದೆ.

ಹಳದಿ ಬಣ್ಣದ ಕಪ್ಲರ್‌ಗಳು ಏರ್‌ಬ್ಯಾಗಿಗೆ ಸೇರಿದವು. ಚಾಲಕನ ಏರ್‌ಬ್ಯಾಗ್ ಭಾರತದಲ್ಲಿ ಕಡ್ಡಾಯವಾದದ್ದು 2019ರ ಜುಲೈಯಿಂದ; ಅದಕ್ಕಿಂತ ಹಳೆಯ ಕಾರುಗಳಲ್ಲಿಯೂ ದುಬಾರಿ ಮಾದರಿಗಳಲ್ಲಿ ಇವು ಇರಬಹುದು. ಇವುಗಳನ್ನು ಮೀಟರಿನಿಂದಾಗಲಿ ಟೆಸ್ಟ್ ಲ್ಯಾಂಪಿನಿಂದಾಗಲಿ ಪರೀಕ್ಷಿಸಬಾರದು, ಅಲುಗಾಡಿಸಲೂ ಬಾರದು. ಆ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡಬೇಕು.